ಐಸ್ ಹಾಕಿಯಲ್ಲಿ ಅಮಾನತು, ಮೇಲ್ಮನವಿ, ಯೂನಿಯನ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೊರಾಂಟೊ, ಕ್ಯಾಲ್ಗರಿ, ಬಾಸ್ಟನ್ ಕಡೆ ಇರುವ ಕನ್ನಡಿಗರು ಎನ್‌ಎಚ್‌ಎಲ್ (ಅಮೆರಿಕ, ಕೆನಡಾ ತಂಡಗಳ ವೃತ್ತಿಪರ ಐಸ್ ಹಾಕಿ ಲೀಗ್) ನೋಡಲು ಶುರು ಮಾಡಿದ ಮೇಲೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಗೋಲು, ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ), ಪೆನಾಲ್ಟಿ ಎಲ್ಲ ನೋಡುತ್ತಾ ನೋಡುತ್ತಾ ಅರ್ಥವಾಗಿಬಿಡುತ್ತದೆ. ಒಬ್ಬ ಆಟಗಾರನನ್ನು ಹತ್ತು ಪಂದ್ಯ ಹೊರಗಿಟ್ಟರು, ಆಮೇಲೆ ಅದು ಎಂಟಾಯಿತು, ಆಟಗಾರರ ಯೂನಿಯನ್ ಏನೋ ಹೇಳಿಕೆ ಕೊಟ್ಟಿತು ಎಂಬ ಸುದ್ದಿ ಬಂದಾಗ ಮಾತ್ರ ತಲೆಬುಡ ತಿಳಿಯುವುದಿಲ್ಲ.

ಆಟಗಾರನನ್ನು ಅಮಾನತು ಮಾಡುವವರು ಯಾರು? ರೆಫರಿಯಾ?

ಅಲ್ಲ. ರೆಫರಿ ಆ ಪಂದ್ಯದ ಮಟ್ಟಿಗೆ ಮಾತ್ರ. ಎರಡು ನಿಮಿಷ, ಐದು ನಿಮಿಷ ಕೂರಿಸಬಹುದು, ಪಂದ್ಯದಿಂದ ಹೊರಗೆ ಹಾಕಬಹುದು. ಮುಂದಿನ ಪಂದ್ಯಗಳಿಂದ ದೂರ ಇಡುವುದು ಲೀಗಿನ ಆಟಗಾರರ ಸುರಕ್ಷತಾ ವಿಭಾಗದ ಕೆಲಸ. ಇದು 2011ರಲ್ಲಿ ಶುರುವಾಯಿತು. ಮೊದಲ ಮುಖ್ಯಸ್ಥ ಬ್ರೆಂಡನ್ ಶಾನಹಾನ್. ಅವರ ನಂತರ ಸ್ಟೆಫಾನ್ ಕ್ವಿಂಟಾಲ್, 2017ರಿಂದ ಜಾರ್ಜ್ ಪ್ಯಾರೋಸ್. ಮೂವರೂ ಹಿಂದೆ ಎನ್‌ಎಚ್‌ಎಲ್‌ನಲ್ಲಿ ಆಡಿದವರೇ. ಪ್ಯಾರೋಸ್ ಅಂತೂ ಐಸ್ ಮೇಲೆ ಮುಷ್ಟಿಯುದ್ಧಕ್ಕೇ ಹೆಸರಾದವರು, ಜೊತೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪದವೀಧರ.

ಈ ವಿಭಾಗ ನ್ಯೂಯಾರ್ಕ್‌ನಲ್ಲಿ ಕೂತು ಪ್ರತಿ ರಾತ್ರಿ ಎಲ್ಲ ಪಂದ್ಯಗಳನ್ನೂ ನೋಡುತ್ತದೆ. ಅನುಮಾನ ಬಂದ ಹೊಡೆತದ ವಿಡಿಯೊವನ್ನು ಬೇರೆ ಬೇರೆ ಕೋನದಿಂದ ನೋಡಿ, ವಿಚಾರಣೆ ಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. ಅಮಾನತು ಮಾಡಿದರೆ ಕಾರಣವನ್ನು ವಿಡಿಯೊದಲ್ಲೇ ವಿವರಿಸುತ್ತದೆ. ಯಾವ ಕ್ಷಣದಲ್ಲಿ ಮೊಣಕೈ ಮೇಲೆ ಹೋಯಿತು, ಎಲ್ಲಿ ತಪ್ಪಿಸಿಕೊಳ್ಳಲು ಅವಕಾಶ ಇತ್ತು ಎಂದು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಾರೆ. ಇದು ನಿಜಕ್ಕೂ ಒಳ್ಳೆಯ ಪದ್ಧತಿ. ಶಿಕ್ಷೆಗೆ ಕಾರಣವನ್ನು ಇಷ್ಟು ಬಿಡಿಸಿ ಹೇಳುವ ಲೀಗುಗಳು ಕಡಿಮೆ.

ಫೋನ್ ವಿಚಾರಣೆ, ಮುಖಾಮುಖಿ ವಿಚಾರಣೆ ಅಂತ ಹೇಳುತ್ತಾರಲ್ಲ, ಏನು ವ್ಯತ್ಯಾಸ?

ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ವಿಷಯ ಅರ್ಥವಾದ ಹಾಗೆ. ಲೀಗ್ ಮತ್ತು ಯೂನಿಯನ್ ನಡುವೆ ಒಂದು ಸಾಮೂಹಿಕ ಒಪ್ಪಂದ ಇದೆ. ಅದರ ಪ್ರಕಾರ ಫೋನ್ ವಿಚಾರಣೆ ಮಾಡಿದರೆ ಐದು ಪಂದ್ಯಕ್ಕಿಂತ ಜಾಸ್ತಿ ಅಮಾನತು ಮಾಡುವಂತಿಲ್ಲ. ಆರು ಅಥವಾ ಅದಕ್ಕಿಂತ ಹೆಚ್ಚು ಕೊಡುವ ಯೋಚನೆ ಇದ್ದರೆ ಮುಖಾಮುಖಿ ವಿಚಾರಣೆಗೆ ಅವಕಾಶ ಕೊಡಲೇಬೇಕು. ಹಾಗಾಗಿ 'ಮುಖಾಮುಖಿಗೆ ಕರೆದಿದ್ದಾರೆ' ಎಂಬ ಸುದ್ದಿ ಬಂದ ಕೂಡಲೇ ಅಭಿಮಾನಿಗಳಿಗೆ ಎದೆ ಧಸಕ್ಕೆನ್ನುತ್ತದೆ. ಕೋವಿಡ್ ನಂತರ ಇಂಥ ಎಷ್ಟೋ ವಿಚಾರಣೆ ಜೂಮ್‌ನಲ್ಲೇ ಮುಗಿಯುತ್ತವೆ. ಹೆಸರು ಮಾತ್ರ ಮುಖಾಮುಖಿ ಎಂದೇ ಉಳಿದಿದೆ.

ವಿಚಾರಣೆಯಲ್ಲಿ ಆಟಗಾರನ ಜೊತೆ ಯೂನಿಯನ್ ಪ್ರತಿನಿಧಿಯೂ ಇರುತ್ತಾರೆ. ಯೂನಿಯನ್ ಕೆಲಸ ಶುರುವಾಗುವುದು ಇಲ್ಲಿಂದಲೇ, ಮೇಲ್ಮನವಿಯಿಂದಲ್ಲ.

ಎಷ್ಟು ಪಂದ್ಯ ಎಂದು ಹೇಗೆ ತೀರ್ಮಾನಿಸುತ್ತಾರೆ?

ಪಟ್ಟಿ ನೋಡಿ ಓದುವ ದರ ಇಲ್ಲ. ಯಾವ ರೀತಿಯ ಹೊಡೆತ, ಎದುರಾಳಿಗೆ ಗಾಯವಾಯಿತೇ, ಹೊಡೆದವನ ಹಿಂದಿನ ದಾಖಲೆ ಏನು, ಪಂದ್ಯ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ನೋಡಬೇಕು ಎಂದು ಒಪ್ಪಂದ ಹೇಳುತ್ತದೆ. ಗಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದರ ಬಗ್ಗೆ ತುಂಬಾ ಜಗಳ ಇದೆ. ಒಂದೇ ತರಹದ ಎರಡು ಹೊಡೆತ, ಒಬ್ಬ ಎದ್ದು ಹೋದ, ಇನ್ನೊಬ್ಬ ಸ್ಟ್ರೆಚರ್ ಮೇಲೆ ಹೋದ. ಶಿಕ್ಷೆ ಬೇರೆ ಬೇರೆ. ನನ್ನ ಪ್ರಕಾರ ಇದು ತಪ್ಪು. ಅದೃಷ್ಟದಿಂದ ಗಾಯ ತಪ್ಪಿದರೆ ಹೊಡೆತ ಸಣ್ಣದಾಗುವುದಿಲ್ಲ.

ಕೆಲವಕ್ಕೆ ಮಾತ್ರ ನಿಯಮದಲ್ಲೇ ಸಂಖ್ಯೆ ಇದೆ. ಜಗಳಕ್ಕೆ ಸೇರಲು ಬೆಂಚಿನಿಂದ ಮೊದಲು ಜಿಗಿದವನಿಗೆ ಹತ್ತು ಪಂದ್ಯ. 2013ರ ಸೆಪ್ಟೆಂಬರ್‌ನಲ್ಲಿ ಟೊರಾಂಟೊದ ಡೇವಿಡ್ ಕ್ಲಾರ್ಕ್‌ಸನ್ ಸೀಸನ್ ಶುರುವಾಗುವ ಮೊದಲೇ ಹೀಗೆ ಹತ್ತು ಪಂದ್ಯ ಕಳೆದುಕೊಂಡರು.

ಅಮಾನತಾದರೆ ಸಂಬಳ ಎಷ್ಟು ಹೋಗುತ್ತದೆ?

ಎರಡು ಲೆಕ್ಕ ಇದೆ. ಮೊದಲ ಸಲ ತಪ್ಪು ಮಾಡಿದವನಿಗೆ ವರ್ಷದ ಸಂಬಳವನ್ನು ಸೀಸನ್ನಿನ ದಿನಗಳಿಂದ ಭಾಗಿಸುತ್ತಾರೆ. ಹಿಂದಿನ 18 ತಿಂಗಳಲ್ಲಿ ಒಮ್ಮೆ ಅಮಾನತಾದವನಿಗೆ 82 ಪಂದ್ಯಗಳಿಂದ ಭಾಗಿಸುತ್ತಾರೆ. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಪೆಟ್ಟು ದೊಡ್ಡದು.

2024ರ ಫೆಬ್ರವರಿಯಲ್ಲಿ ಟೊರಾಂಟೊದ ಮಾರ್ಗನ್ ರೈಲಿಗೆ ಐದು ಪಂದ್ಯ ಬಿತ್ತು. ವರ್ಷಕ್ಕೆ 75 ಲಕ್ಷ ಡಾಲರ್ ಸಂಬಳ, ಸೀಸನ್ನಿಗೆ 192 ದಿನ. ದಿನಕ್ಕೆ 39,062 ಡಾಲರ್ ಚಿಲ್ಲರೆ, ಐದಕ್ಕೆ 1,95,312 ಡಾಲರ್ 50 ಸೆಂಟ್. ಅದೇ ಅವರು ಎರಡನೇ ಸಲ ಸಿಕ್ಕಿಬಿದ್ದವರಾಗಿದ್ದರೆ ನಾಲ್ಕೂವರೆ ಲಕ್ಷ ಡಾಲರ್ ದಾಟುತ್ತಿತ್ತು.

ಈ ಹಣ ಲೀಗಿನ ಜೇಬಿಗೆ ಹೋಗುವುದಿಲ್ಲ, ಆಟಗಾರರ ತುರ್ತು ಸಹಾಯ ನಿಧಿಗೆ ಹೋಗುತ್ತದೆ. ಪ್ಲೇಆಫ್‌ನಲ್ಲಿ (ಸೀಸನ್ ಮುಗಿದ ಮೇಲೆ ಕಪ್ಪಿಗಾಗಿ ನಡೆಯುವ ಸುತ್ತುಗಳಲ್ಲಿ) ಸಂಬಳವೇ ಇಲ್ಲದ ಕಾರಣ ಅಲ್ಲಿ ಅಮಾನತಾದರೆ ದುಡ್ಡು ಹೋಗುವುದಿಲ್ಲ, ಪಂದ್ಯ ಮಾತ್ರ ಹೋಗುತ್ತದೆ.

ಕೋಟಿಗಟ್ಟಲೆ ಸಂಬಳದವರಿಗೆ ಐದು ಸಾವಿರ ಡಾಲರ್ ದಂಡ ಹಾಕುತ್ತಾರಲ್ಲ, ಇದೇನು ಶಿಕ್ಷೆ?

ಈ ಸಿಟ್ಟು ನ್ಯಾಯವೇ. 2021ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಟಾಮ್ ವಿಲ್ಸನ್, ಐಸ್ ಮೇಲೆ ಬಿದ್ದಿದ್ದ ಪಾವೆಲ್ ಬುಚ್ನೆವಿಚ್‌ಗೆ ಗುದ್ದಿದರು. ಅದೇ ಗಲಾಟೆಯಲ್ಲಿ ಆರ್ಟೆಮಿ ಪನಾರಿನ್‌ಗೆ ಗಾಯವಾಯಿತು. ಬಿದ್ದ ದಂಡ 5,000 ಡಾಲರ್. ಅಮಾನತು ಇಲ್ಲ. ಕೋಪಗೊಂಡ ನ್ಯೂಯಾರ್ಕ್ ರೇಂಜರ್ಸ್ ತಂಡ, ಪ್ಯಾರೋಸ್ ಆ ಹುದ್ದೆಗೆ ತಕ್ಕವರಲ್ಲ ಎಂದು ಬಹಿರಂಗ ಹೇಳಿಕೆ ಕೊಟ್ಟಿತು. ಹೇಳಿಕೆಗೆ ತಂಡಕ್ಕೆ ಬಿದ್ದ ದಂಡ 2,50,000 ಡಾಲರ್. ಗುದ್ದಿದ್ದಕ್ಕಿಂತ ಬೈದಿದ್ದಕ್ಕೆ ಐವತ್ತು ಪಟ್ಟು!

ಆದರೆ ಇಲ್ಲಿ ಲೀಗನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಆಟಗಾರರ ದಂಡಕ್ಕೆ ಮಿತಿ ಇರುವುದು ಒಪ್ಪಂದದಲ್ಲಿ. ಆ ಒಪ್ಪಂದಕ್ಕೆ ಯೂನಿಯನ್ನೂ ಸಹಿ ಹಾಕಿದೆ. ಮಿತಿ ಏರಿಸಬೇಕಾದರೆ ಇಬ್ಬರೂ ಒಪ್ಪಬೇಕು.

ಮೇಲ್ಮನವಿ ಯಾರ ಹತ್ತಿರ ಹೋಗುತ್ತದೆ?

ಮೊದಲು ಕಮಿಷನರ್ ಹತ್ತಿರ. ಅಂದರೆ ಗ್ಯಾರಿ ಬೆಟ್‌ಮನ್, 1993ರಿಂದ ಲೀಗ್ ನಡೆಸುತ್ತಿರುವವರು. ಆಟಗಾರನ ಪರವಾಗಿ ಯೂನಿಯನ್ 48 ಗಂಟೆಯೊಳಗೆ ಮೇಲ್ಮನವಿ ಹಾಕಬೇಕು. ಸುರಕ್ಷತಾ ವಿಭಾಗ ಕಮಿಷನರ್ ಕೈಕೆಳಗೇ ಇದೆ. ತನ್ನದೇ ವಿಭಾಗದ ತೀರ್ಪಿನ ಮೇಲೆ ಅವರೇ ತೀರ್ಪು ಕೊಡಬೇಕು. ಇದು ಸರಿಯಾ ಎಂದು ಕೇಳಿದರೆ, ಇಲ್ಲ ಎಂದೇ ನಾನು ಹೇಳುತ್ತೇನೆ.

ಆರು ಅಥವಾ ಹೆಚ್ಚು ಪಂದ್ಯಗಳ ಅಮಾನತಾದರೆ ಇನ್ನೊಂದು ಬಾಗಿಲು ಇದೆ. ಕಮಿಷನರ್ ತೀರ್ಪು ಬಂದ ಏಳು ದಿನದೊಳಗೆ ತಟಸ್ಥ ಮಧ್ಯಸ್ಥಗಾರರ ಹತ್ತಿರ ಹೋಗಬಹುದು. ಐದು ಅಥವಾ ಕಡಿಮೆ ಆದರೆ ಕಮಿಷನರ್ ಮಾತೇ ಕೊನೆ.

ಈಗ ರೈಲಿ ವಿಷಯಕ್ಕೆ ಮತ್ತೆ ಬನ್ನಿ. ಒಟ್ಟಾವದ ರಿಡ್ಲಿ ಗ್ರೇಗ್ ಪಂದ್ಯದ ಕೊನೆಯಲ್ಲಿ ಖಾಲಿ ಗೋಲಿಗೆ ಸುಮ್ಮನೆ ತಳ್ಳಬಹುದಾಗಿದ್ದ ಪಕ್ಕನ್ನು ಹತ್ತಿರದಿಂದ ಜೋರಾಗಿ ಬೀಸಿ ಹೊಡೆದರು. ಅವಮಾನ ಎನಿಸಿತು, ರೈಲಿ ಬಂದು ಸ್ಟಿಕ್ಕಿನಿಂದ ತಲೆಯ ಹತ್ತಿರ ಹೊಡೆದರು. ಲೀಗ್ ಮುಖಾಮುಖಿ ವಿಚಾರಣೆಗೆ ಕರೆಯಿತು, ಕೊನೆಗೆ ಕೊಟ್ಟಿದ್ದು ಐದು. ಯೂನಿಯನ್ ಮೇಲ್ಮನವಿ ಹಾಕಿತು. ಬೆಟ್‌ಮನ್ ಐದನ್ನೇ ಎತ್ತಿ ಹಿಡಿದರು. ಅಷ್ಟೊತ್ತಿಗೆ ನಾಲ್ಕು ಪಂದ್ಯ ಮುಗಿದೇ ಹೋಗಿತ್ತು. ಒಂದು ಪಂದ್ಯ ಜಾಸ್ತಿ ಕೊಟ್ಟಿದ್ದರೆ ಮಧ್ಯಸ್ಥಗಾರರ ಹತ್ತಿರ ಹೋಗುವ ಹಕ್ಕು ರೈಲಿಗೆ ಸಿಗುತ್ತಿತ್ತು. ಐದು ಮತ್ತು ಆರರ ನಡುವಿನ ಈ ಗೆರೆ ಎಷ್ಟು ದೊಡ್ಡದು ಎಂದು ಗೊತ್ತಾಯಿತಲ್ವಾ?

ಕಮಿಷನರ್ ಯಾವತ್ತಾದರೂ ಶಿಕ್ಷೆ ಕಡಿಮೆ ಮಾಡಿದ್ದಾರಾ?

ಮಾಡಿದ್ದಾರೆ, ಅಪರೂಪಕ್ಕೆ. ಮರಿಯನ್ ಹೊಸಾಗೆ ಹೊಡೆದ ರಾಫಿ ಟೊರೆಸ್‌ಗೆ 2012ರಲ್ಲಿ 25 ಪಂದ್ಯ ಬಿದ್ದಿತ್ತು, ಅದು 21 ಆಯಿತು. 2025ರ ಫೆಬ್ರವರಿಯಲ್ಲಿ ಟಿಮ್ ಸ್ಟ್ಯೂಟ್ಸ್ಲೆಗೆ ಹೊಡೆದ ಮಿನಸೋಟದ ರಯಾನ್ ಹಾರ್ಟ್‌ಮನ್‌ಗೆ 10 ಇದ್ದದ್ದು 8 ಆಯಿತು. ಹಾರ್ಟ್‌ಮನ್ ಹಳೆಯ ದಾಖಲೆ ಇದ್ದವರು, ಒಂದೊಂದು ಪಂದ್ಯಕ್ಕೂ 48,780 ಡಾಲರ್ ಹೋಗುತ್ತಿತ್ತು. ಎರಡು ಪಂದ್ಯ ಉಳಿದರೆ ಸಣ್ಣ ಮೊತ್ತವೇನಲ್ಲ.

ತಟಸ್ಥ ಮಧ್ಯಸ್ಥಗಾರರು ಯಾವಾಗಲೂ ಆಟಗಾರನ ಪರವಾ?

ಇಲ್ಲ. ಕೊಲರಾಡೊದ ನಜೀಮ್ ಕದ್ರಿಗೆ 2021ರ ಪ್ಲೇಆಫ್‌ನಲ್ಲಿ ಎಂಟು ಪಂದ್ಯ ಬಿತ್ತು. ಜಸ್ಟಿನ್ ಫಾಕ್ ತಲೆಗೆ ಹೊಡೆದಿದ್ದರು. ಬೆಟ್‌ಮನ್ ಒಪ್ಪಿದರು, ಮಧ್ಯಸ್ಥಗಾರ ಶ್ಯಾಮ್ ದಾಸ್ ಕೂಡ ಎಂಟನ್ನೇ ಉಳಿಸಿದರು.

ಅದೇ ಶ್ಯಾಮ್ ದಾಸ್ 2018ರಲ್ಲಿ ಟಾಮ್ ವಿಲ್ಸನ್ ಶಿಕ್ಷೆಯನ್ನು 20ರಿಂದ 14ಕ್ಕೆ ಇಳಿಸಿದ್ದರು. ಈ ಪ್ರಕರಣವನ್ನು ತಾರೀಖು ಸಮೇತ ನೋಡಬೇಕು. ಸೆಪ್ಟೆಂಬರ್ 30ರಂದು ಅಭ್ಯಾಸ ಪಂದ್ಯದಲ್ಲಿ ವಿಲ್ಸನ್, ಸೇಂಟ್ ಲೂಯಿಸ್‌ನ ಆಸ್ಕರ್ ಸುಂಡ್‌ಕ್ವಿಸ್ಟ್ ತಲೆಗೆ ಹೊಡೆದರು. 105 ಪಂದ್ಯಗಳಲ್ಲಿ ಇದು ಅವರ ನಾಲ್ಕನೇ ಅಮಾನತು. ಅಕ್ಟೋಬರ್ 3ಕ್ಕೆ 20 ಪಂದ್ಯ ಘೋಷಣೆ. ಬೆಟ್‌ಮನ್ ತೀರ್ಪು ಬಂದದ್ದು ಅಕ್ಟೋಬರ್ 25ಕ್ಕೆ. ಮಧ್ಯಸ್ಥಗಾರರ ತೀರ್ಪು ನವೆಂಬರ್ 13ಕ್ಕೆ. 14 ಪಂದ್ಯ ಸಾಕು ಎಂದು ತೀರ್ಪು ಬಂದಾಗ ವಿಲ್ಸನ್ ಆಗಲೇ 16 ಪಂದ್ಯ ಹೊರಗೆ ಕೂತು ಮುಗಿಸಿದ್ದರು. 3,78,048 ಡಾಲರ್ ವಾಪಸ್ ಬಂತು. ಜಾಸ್ತಿ ಕೂತ ಎರಡು ಪಂದ್ಯ ಯಾರೂ ವಾಪಸ್ ಕೊಡಲಿಲ್ಲ, ಕೊಡಲು ಬರುವುದೂ ಇಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗುವುದು ಹೀಗೆ.

ವಿಲ್ಸನ್ ಮೇಲೆ ನನಗೆ ಕನಿಕರ ಇಲ್ಲ. ಆದರೆ ಅರ್ಹತೆಗಿಂತ ಜಾಸ್ತಿ ಶಿಕ್ಷೆ ಅನುಭವಿಸಿದ್ದು ನಿಜ, ಮತ್ತು ಅದಕ್ಕೆ ಕಾರಣ ವ್ಯವಸ್ಥೆಯ ನಿಧಾನ.

ವೈಡ್‌ಮನ್ ಪ್ರಕರಣದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಏನದು?

2016ರ ಜನವರಿ 27. ಕ್ಯಾಲ್ಗರಿ ಫ್ಲೇಮ್ಸ್ ಮತ್ತು ನ್ಯಾಶ್‌ವಿಲ್ ಪ್ರಿಡೇಟರ್ಸ್ ನಡುವೆ ಪಂದ್ಯ. ಕ್ಯಾಲ್ಗರಿಯ ಡೆನಿಸ್ ವೈಡ್‌ಮನ್‌ಗೆ ಮೂಲೆಯಲ್ಲಿ ಎದುರಾಳಿಯಿಂದ ಜೋರು ಡಿಕ್ಕಿಯಾಯಿತು. ಬಿದ್ದರು, ಎದ್ದರು, ತಲೆ ತಗ್ಗಿಸಿಕೊಂಡು ಬೆಂಚಿನ ಕಡೆ ಹೊರಟರು. ಎದುರಿಗೆ ಲೈನ್ಸ್‌ಮನ್ (ರೆಫರಿ ಜೊತೆ ಐಸ್ ಮೇಲಿರುವ ಸಹಾಯಕ ಅಧಿಕಾರಿ) ಡಾನ್ ಹೆಂಡರ್ಸನ್, ಇವರಿಗೆ ಬೆನ್ನು ಹಾಕಿ ನಿಂತಿದ್ದರು. ವೈಡ್‌ಮನ್ ಸ್ಟಿಕ್ ಎತ್ತಿ ಬೆನ್ನಿಗೆ ತಳ್ಳಿದರು. ಹೆಂಡರ್ಸನ್ ಮುಗ್ಗರಿಸಿ ಬಿದ್ದರು. ಅವರು ಮುಂದೆ ಲೈನ್ಸ್‌ಮನ್ ಆಗಿ ಐಸ್‌ಗೆ ಮರಳಲಿಲ್ಲ.

ಲೀಗ್ 20 ಪಂದ್ಯ ಕೊಟ್ಟಿತು. ಅಧಿಕಾರಿಗೆ ಗಾಯ ಮಾಡುವ ಉದ್ದೇಶದಿಂದ ಹೊಡೆದರೆ ನಿಯಮ 40ರಲ್ಲಿ ಕನಿಷ್ಠ 20 ಎಂದಿದೆ. ಉದ್ದೇಶ ಇಲ್ಲದೆ ಬಲ ಬಳಸಿದರೆ 10. ಇಡೀ ಜಗಳ ಈ 'ಉದ್ದೇಶ'ದ ಮೇಲೆ. ಯೂನಿಯನ್ ಪರ ವಾದ ಇದು: ಡಿಕ್ಕಿಯಿಂದ ಅವರ ತಲೆಗೆ ಪೆಟ್ಟಾಗಿತ್ತು, ಮಂಪರಿನಲ್ಲಿದ್ದರು, ಮಾಡಿದ್ದು ಬೇಕೆಂದಲ್ಲ. ವೈದ್ಯರನ್ನು ಕರೆಸಿ ಸಾಕ್ಷ್ಯ ಹೇಳಿಸಿದರು. ಬೆಟ್‌ಮನ್ ಒಪ್ಪಲಿಲ್ಲ. ವೈಡ್‌ಮನ್ ಸಹ ಆಟಗಾರನಿಗೆ ಕಳಿಸಿದ್ದ ಒಂದು ಮೆಸೇಜ್‌ನಲ್ಲಿ ರೆಫರಿಗಳನ್ನೂ ಮಾಧ್ಯಮದವರನ್ನೂ ಬೈದಿದ್ದರು, ಅದು ಪಶ್ಚಾತ್ತಾಪ ಇಲ್ಲ ಎನ್ನುವುದಕ್ಕೆ ಲೀಗಿನ ಕೈಗೆ ಸಿಕ್ಕಿತು.

ಮಾರ್ಚ್ 11ಕ್ಕೆ ಮಧ್ಯಸ್ಥಗಾರ ಜೇಮ್ಸ್ ಓಲ್ಡ್‌ಹ್ಯಾಮ್ ತೀರ್ಪು ಕೊಟ್ಟರು. ಗಾಯ ಮಾಡುವ ಉದ್ದೇಶ ಸಾಬೀತಾಗಿಲ್ಲ, 10 ಪಂದ್ಯ ಸಾಕು. ವೈಡ್‌ಮನ್ ಅಷ್ಟೊತ್ತಿಗೆ 19 ಪಂದ್ಯ ಕಳೆದುಕೊಂಡಿದ್ದರು. ಇಲ್ಲೂ ಅದೇ ಕತೆ: ಅರ್ಧ ದುಡ್ಡು ಬಂತು, ಪಂದ್ಯಗಳು ಬರಲಿಲ್ಲ.

ಆಮೇಲೆ ನಡೆದದ್ದು ಇನ್ನೂ ಮುಖ್ಯ. ಜೂನ್‌ನಲ್ಲಿ ಲೀಗ್ ಓಲ್ಡ್‌ಹ್ಯಾಮ್ ಅವರನ್ನು ಕೆಲಸದಿಂದ ತೆಗೆಯಿತು. ತೀರ್ಪನ್ನೇ ರದ್ದು ಮಾಡಿ ಎಂದು ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿಗೂ ಹೋಯಿತು. ಮಧ್ಯಸ್ಥಗಾರರು ತಮ್ಮ ಅಧಿಕಾರ ಮೀರಿದ್ದಾರೆ ಎಂಬುದು ವಾದ. ಕೋರ್ಟು ಒಪ್ಪಲಿಲ್ಲ. ಮೇಲಿನ ಕೋರ್ಟೂ 2018ರಲ್ಲಿ ಒಪ್ಪಲಿಲ್ಲ. ಇಬ್ಬರೂ ಸೇರಿ ಒಪ್ಪಿಕೊಂಡ ವ್ಯವಸ್ಥೆಯಲ್ಲಿ ಮಧ್ಯಸ್ಥಗಾರ ಕೊಟ್ಟ ತೀರ್ಪನ್ನು, ನನಗೆ ಹಿಡಿಸಲಿಲ್ಲ ಎಂದು ತಳ್ಳಿಹಾಕಲು ಬರುವುದಿಲ್ಲ. ಒಬ್ಬ ಆಟಗಾರ ಒಬ್ಬನೇ ಎರಡು ವರ್ಷ ಫೆಡರಲ್ ಕೋರ್ಟಿನಲ್ಲಿ ಲೀಗಿನ ವಕೀಲರ ಎದುರು ನಿಲ್ಲುವುದು ಸುಲಭವಲ್ಲ. ನಿಂತದ್ದು ಯೂನಿಯನ್.

ಹೆಂಡರ್ಸನ್ ಅವರ ಪಾಡೇನು ಎಂದು ಕೇಳುವವರು ಇದ್ದಾರೆ. ಕೇಳಲೇಬೇಕು. ರೆಫರಿ, ಲೈನ್ಸ್‌ಮನ್‌ಗಳಿಗೂ ಅವರದೇ ಯೂನಿಯನ್ ಇದೆ. ಅವರ ಕಣ್ಣಿನಲ್ಲಿ ಈ ಕಡಿತ ಅನ್ಯಾಯವೇ. ಅವರ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ.

ಹೊಡೆಸಿಕೊಂಡವನೂ ಯೂನಿಯನ್ ಸದಸ್ಯನೇ ಅಲ್ವಾ? ಹೊಡೆದವನ ಪರ ಯೂನಿಯನ್ ನಿಲ್ಲುವುದು ಯಾಕೆ?

ಇದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ಹೌದು, ಸುಂಡ್‌ಕ್ವಿಸ್ಟ್ ಕೂಡ ಚಂದಾ ಕಟ್ಟುವ ಸದಸ್ಯ. ಆದರೆ ಶಿಕ್ಷೆ ಕೊಡುತ್ತಿರುವುದು ಮಾಲೀಕರ ಪರ ಇರುವ ಲೀಗ್. ಸಂಬಳ ಹೋಗುತ್ತಿರುವುದು ಒಬ್ಬ ಕೆಲಸಗಾರನದು. ಅಲ್ಲಿ ಅವನ ಪರ ನಿಲ್ಲುವುದು ಯೂನಿಯನ್ನಿನ ಕಾನೂನುಬದ್ಧ ಕರ್ತವ್ಯ. ಹೊಡೆತ ಸರಿ ಎಂದು ಹೇಳುವುದಲ್ಲ ಅದರ ಕೆಲಸ. ವಿಚಾರಣೆ ನಿಯಮದಂತೆ ನಡೆಯಿತೇ, ಇದೇ ತರಹದ ಬೇರೆ ಹೊಡೆತಗಳಿಗೆ ಎಷ್ಟು ಕೊಟ್ಟಿದ್ದರು, ಸಂಖ್ಯೆಗೆ ಆಧಾರ ಇದೆಯೇ ಎಂದು ಕೇಳುವುದು.

ಹೊಡೆಸಿಕೊಂಡವನ ಪರವಾಗಿ ಯೂನಿಯನ್ ಮಾಡಬೇಕಾದ ಕೆಲಸ ಬೇರೆ ಜಾಗದಲ್ಲಿದೆ, ನಿಯಮ ಬರೆಯುವ ಕಡೆ. 2010ರ ಮಾರ್ಚ್‌ನಲ್ಲಿ ಮ್ಯಾಟ್ ಕುಕ್ ಹೊಡೆತಕ್ಕೆ ಬಾಸ್ಟನ್ನಿನ ಮಾರ್ಕ್ ಸಾವರ್ಡ್ ತಲೆಗೆ ಪೆಟ್ಟಾಯಿತು. ಆಗಿನ ನಿಯಮದಲ್ಲಿ ಕುಕ್‌ಗೆ ಒಂದು ಪಂದ್ಯದ ಅಮಾನತೂ ಇಲ್ಲ! ಸೀಸನ್ನಿನ ನಡುವೆಯೇ ಲೀಗ್, ಯೂನಿಯನ್ ಒಪ್ಪಿ ಪಕ್ಕದಿಂದ ಬಂದು ತಲೆಗೆ ಹೊಡೆಯುವುದಕ್ಕೆ ಶಿಕ್ಷೆ ತಂದವು. ಅದೇ ಮುಂದೆ ನಿಯಮ 48 ಆಯಿತು. ಇಂಥ ಕಡೆ ಯೂನಿಯನ್ ಇನ್ನೂ ಜೋರಾಗಿ ನಿಲ್ಲಬೇಕು ಎಂಬುದು ನನ್ನ ಆಸೆ.

ಯೂನಿಯನ್ ಇಲ್ಲದ ಕಾಲದಲ್ಲಿ ಹೇಗಿತ್ತು?

1955ರ ಮಾರ್ಚ್‌ನಲ್ಲಿ ಮಾಂಟ್ರಿಯಲ್‌ನ ಮೋರಿಸ್ ರಿಶಾರ್ ಬಾಸ್ಟನ್ನಿನಲ್ಲಿ ಜಗಳದ ನಡುವೆ ಲೈನ್ಸ್‌ಮನ್‌ಗೆ ಗುದ್ದಿದರು. ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಒಬ್ಬರೇ ತೀರ್ಪು ಕೊಟ್ಟರು: ಉಳಿದ ಸೀಸನ್ ಪೂರ್ತಿ ಇಲ್ಲ, ಪ್ಲೇಆಫ್ ಕೂಡ ಇಲ್ಲ. ಹೊರಗಿನ ಮಧ್ಯಸ್ಥಗಾರ ಎಂಬ ಮಾತೇ ಇರಲಿಲ್ಲ. ಮಾರ್ಚ್ 17ರಂದು ಮಾಂಟ್ರಿಯಲ್ ಬೀದಿಗಳಲ್ಲಿ ಗಲಭೆಯೇ ಆಯಿತು. ಆ ವರ್ಷದ ಅತಿ ಹೆಚ್ಚು ಪಾಯಿಂಟ್ ಪ್ರಶಸ್ತಿ ಒಂದೇ ಪಾಯಿಂಟ್‌ನಲ್ಲಿ ರಿಶಾರ್ ಕೈತಪ್ಪಿತು.

ಎರಡು ವರ್ಷದ ನಂತರ ಡೆಟ್ರಾಯಿಟ್‌ನ ಟೆಡ್ ಲಿಂಡ್ಸೆ, ಮಾಂಟ್ರಿಯಲ್‌ನ ಡಗ್ ಹಾರ್ವಿ ಸೇರಿ ಸಂಘ ಕಟ್ಟಲು ಹೊರಟರು. ಲಿಂಡ್ಸೆಯನ್ನು ಶಿಕಾಗೊಗೆ ಸಾಗಹಾಕಿದರು. ಸಂಘ ಮುರಿದುಬಿತ್ತು. ಈಗಿನ ಯೂನಿಯನ್ ನಿಂತದ್ದು 1967ರಲ್ಲಿ. ಅದರ ಮೊದಲ ನಿರ್ದೇಶಕ ಅಲನ್ ಈಗಲ್‌ಸನ್ 1998ರಲ್ಲಿ ವಂಚನೆ ಒಪ್ಪಿಕೊಂಡು ಜೈಲಿಗೆ ಹೋದರು. ಅಂದರೆ ಯೂನಿಯನ್ ಇದ್ದರೆ ಸಾಲದು, ಅದರ ಮೇಲೂ ಆಟಗಾರರ ಕಣ್ಣು ಇರಬೇಕು. 2023ರಿಂದ ಅದನ್ನು ನಡೆಸುತ್ತಿರುವವರು ಮಾರ್ಟಿ ವಾಲ್ಶ್. ಬಾಸ್ಟನ್ ಮೇಯರ್ ಆಗಿದ್ದವರು, ಅಮೆರಿಕದ ಕಾರ್ಮಿಕ ಸಚಿವರಾಗಿದ್ದವರು.

ಐಸ್ ಹೊರಗಿನ ತಪ್ಪಿಗೆ, ಉದ್ದೀಪನ ಮದ್ದಿಗೆ?

ದಾರಿ ಬೇರೆ. ಹೊರಗಿನ ನಡತೆಯನ್ನು ಕಮಿಷನರ್ ನೇರವಾಗಿ ನೋಡುತ್ತಾರೆ. ನ್ಯಾಶ್‌ವಿಲ್‌ನ ಆಸ್ಟಿನ್ ವಾಟ್ಸನ್‌ಗೆ 2018ರಲ್ಲಿ ಕೌಟುಂಬಿಕ ಹಿಂಸೆ ಪ್ರಕರಣದಲ್ಲಿ 27 ಪಂದ್ಯ ಬಿತ್ತು, ಮಧ್ಯಸ್ಥಗಾರರು 18ಕ್ಕೆ ಇಳಿಸಿದರು. ಉದ್ದೀಪನ ಮದ್ದಿಗೆ ಮೊದಲ ಸಲ 20, ಎರಡನೇ ಸಲ 60, ಮೂರನೇ ಸಲ ಶಾಶ್ವತ ನಿಷೇಧ.

ನಮ್ಮ ಹಾಕಿಯಲ್ಲಿ ಹೀಗೆ ಇದೆಯಾ?

ಕೊಡಗಿನವರಿಗೆ ಹಾಕಿ ಎಂದರೆ ಮೈದಾನದ ಹಾಕಿ, ಅಲ್ಲಿ ಕತೆ ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿದೆಯಲ್ಲ. ಆಗಸ್ಟ್ 4ರಂದು ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಹತ್ತೇ ಜನ ಉಳಿದರೂ ಶೂಟೌಟ್‌ನಲ್ಲಿ ಭಾರತ ಗೆದ್ದಿತು. ಮೇಲೊಂದು ಪಂದ್ಯ ಅಮಾನತು. ಹಾಕಿ ಇಂಡಿಯಾ ಮೇಲ್ಮನವಿ ಹಾಕಿತು, ಅಂತರರಾಷ್ಟ್ರೀಯ ಫೆಡರೇಷನ್ ತಿರಸ್ಕರಿಸಿತು. ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 2-3ರಿಂದ ಸೋತೆವು. ಅಲ್ಲಿ ಆಟಗಾರನ ಪರ ಹೋದದ್ದು ಯೂನಿಯನ್ ಅಲ್ಲ, ದೇಶದ ಹಾಕಿ ಸಂಸ್ಥೆ. ಒಂದು ವಿಷಯ ಮಾತ್ರ ಮೆಚ್ಚಬೇಕು: ತೀರ್ಪು ಪಂದ್ಯಕ್ಕೆ ಮುಂಚೆಯೇ ಬಂತು.

ಏನು ಬದಲಾಗಬೇಕು?

ಮೊದಲನೆಯದು, ಐದು ಪಂದ್ಯದವರಿಗೂ ಹೊರಗಿನ ಮಧ್ಯಸ್ಥಗಾರ ಬೇಕು. ಎರಡನೆಯದು, ಗಡುವು ಬೇಕು. ಒಲಿಂಪಿಕ್ಸ್‌ನಲ್ಲಿ ಎರಡು ದಿನದೊಳಗೆ ಮುಗಿಸಬಹುದಾದರೆ, ಎನ್‌ಎಚ್‌ಎಲ್‌ನಲ್ಲಿ ಹತ್ತು ದಿನದೊಳಗೆ ಎರಡೂ ಹಂತ ಮುಗಿಸಲು ಏನು ಕಷ್ಟ? ವಿಡಿಯೊ ಕೈಯಲ್ಲಿದೆ, ಸಾಕ್ಷಿಗಳು ನಾಲ್ಕೈದು ಜನ. ಲೀಗ್ ಮತ್ತು ಯೂನಿಯನ್ 2025ರ ಜುಲೈನಲ್ಲಿ ಹೊಸ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿವೆ. ಅದರ ಅವಧಿ 2026ರ ಸೆಪ್ಟೆಂಬರ್‌ನಿಂದ 2030ರವರೆಗೆ, ಸೀಸನ್ 84 ಪಂದ್ಯಕ್ಕೆ ಏರುತ್ತದೆ. ಮುಂದಿನ ಸಲ ಮಾತುಕತೆಗೆ ಕೂತಾಗ ಯೂನಿಯನ್ ಮೇಜಿನ ಮೇಲೆ ಮೊದಲು ಇಡಬೇಕಾದ್ದು ವಿಲ್ಸನ್ ಪ್ರಕರಣದ ಆ ಮೂರು ತಾರೀಖು: ಅಕ್ಟೋಬರ್ 3, ಅಕ್ಟೋಬರ್ 25, ನವೆಂಬರ್ 13.